ಹುತ್ತರಿಯ ಹೊತ್ತಿಗೆ ಏರಿದ ಮುಳ್ಳು

ಯಾರಾದರೂ ಕಿವಿ ಕೊಟ್ಟರೆ ಸಾಕು, ಜವರಯ್ಯ ಕರೆಂಟಿನ ವಿಷಯ ಶುರು ಮಾಡಿಬಿಡುತ್ತಿದ್ದ. ಬೀಡಿಗೆ ಬೆಂಕಿ ಕೇಳಲು ಬಂದವರು ಕೂಡ ಡೈನಮೋ ಮನೆಯ ಹೊಸ್ತಿಲಲ್ಲಿ ಅರ್ಧ ಗಂಟೆ ನಿಂತು, ನೀರಿನ ರಭಸ, ಚಕ್ರದ ಓಟ, ಮೀಟರಿನ ಮುಳ್ಳಿನ ಏರಿಳಿತ ಎಲ್ಲವನ್ನೂ ಕೇಳಿಕೊಂಡೇ ಹೋಗಬೇಕಾಗುತ್ತಿತ್ತು. ಅಷ್ಟರಲ್ಲಿ ಬೀಡಿ ಆರಿರುತ್ತಿತ್ತು. ತೋಟದ ಆಳುಗಳ ಲೈನ್ ಮನೆಗಳ ಹೆಂಗಸರು ಅವನನ್ನು ದೂರದಲ್ಲಿ ಕಂಡರೆ, "ಬಂತು ನೋಡ್ರೇ, ಡೈನಮೋ ಪುರಾಣ" ಎಂದು ಸೆರಗು ಬಾಯಿಗಿಟ್ಟು ಬೇರೆ ದಾರಿ ಹಿಡಿಯುತ್ತಿದ್ದರು. ಅವನಿಗೆ ಇದರಿಂದ ಬೇಸರವೇನೂ ಇರಲಿಲ್ಲ. ಓದು ಬರಹ ಬಾರದ ಮನುಷ್ಯ, ಕುಶಾಲನಗರದ ಕಡೆಯ ಅಕ್ಕಿ ಮಿಲ್ಲೊಂದರಲ್ಲಿ ಎಣ್ಣೆ ಒರೆಸುತ್ತ ಒರೆಸುತ್ತ ಯಂತ್ರದ ಸದ್ದು ಕೇಳಿಯೇ ಅದರ ಕಾಯಿಲೆ ಹೇಳುವಷ್ಟು ಕಲಿತಿದ್ದ. ಕಷ್ಟಪಟ್ಟು ತಿಳಿದದ್ದನ್ನು ನಾಲ್ಕು ಜನಕ್ಕೆ ಹೇಳದೆ ಇರುವುದು ಹೇಗೆ?

ಸಂಪಾಜೆಯಿಂದ ಮೇಲಕ್ಕೆ, ಮಡಿಕೇರಿ ರಸ್ತೆ ಬಿಟ್ಟು ಎರಡು ಮೈಲಿ ಒಳಗೆ ಸಾಂತಪ್ಪ ಧಣಿಗಳ ಕಾಫಿ ತೋಟ. ಗುಡ್ಡದ ತಲೆಯಲ್ಲಿ ಬಂಗಲೆ, ನಡುವಿನಲ್ಲಿ ಹಣ್ಣು ಬಿಡಿಸುವ ಪಲ್ಪರ್ ಮನೆ, ಬುಡದಲ್ಲಿ ಹರಿಯುವ ತೋಡಿನ ಪಕ್ಕಕ್ಕೆ ಡೈನಮೋ ಮನೆ. ಮೇಲಿನಿಂದ ಕಬ್ಬಿಣದ ಕೊಳವೆಯಲ್ಲಿ ಬರುವ ನೀರು ಚಕ್ರಕ್ಕೆ ಬಡಿದು ಡೈನಮೋ ತಿರುಗಬೇಕು, ಡೈನಮೋ ತಿರುಗಿದರೆ ಪಲ್ಪರಿನ ದೊಡ್ಡ ಮೋಟಾರೂ ಬಂಗಲೆಯ ದೀಪಗಳೂ ನಡೆಯಬೇಕು. ನೀರನ್ನು ಹೆಚ್ಚು ಕಡಿಮೆ ಮಾಡುವುದಕ್ಕೆ ತಾನಾಗಿ ನಡೆಯುವ ಯಾವ ಉಪಾಯವೂ ಅಲ್ಲಿರಲಿಲ್ಲ. ಇದ್ದದ್ದು ಒಂದು ವಾಲ್ವು, ಅದನ್ನು ತಿರುಗಿಸಲು ಜವರಯ್ಯನ ಎರಡು ಕೈ.

ಅವನ ಮಾತನ್ನು ತೂಕಡಿಸದೆ ಕೇಳುತ್ತಿದ್ದವಳು ಮಗಳು ಯಮುನ ಒಬ್ಬಳೇ. ಹದಿನಾರರ ಹುಡುಗಿ. ಮಧ್ಯಾಹ್ನ ಬುತ್ತಿ ತಂದವಳು ಮೀಟರಿನ ಎದುರು ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದಳು.

"ಗಾಡಿ ತುಂಬ ಕಲ್ಲು ಹೇರಿ, ಎರಡು ಎತ್ತು ಕಟ್ಟಿ, ದಿಬ್ಬ ಹತ್ತಿಸ್ತಾ ಇದ್ದೀಯ ಅನ್ಕೋ ಕೂಸೆ. ಎತ್ತು ಜೀವ ಬಿಟ್ಟು ಎಳೀತವೆ. ಆಗ ಪಟ್ಟಂತ ಹಗ್ಗ ಕಿತ್ತೋದ್ರೆ?"

"ಎತ್ತು ಮುಂದಕ್ಕೆ ನುಗ್ಗಿ ಓಡ್ತವೆ."

"ಹ್ಞಾಂ! ಎಳೆಯೋ ಭಾರ ಹೋಯ್ತು, ಎಳೆಯೋ ಶಕ್ತಿ ಹಂಗೇ ಉಳೀತು. ನಮ್ಮ ನೀರೂ ಅಷ್ಟೆ. ಮೋಟಾರು ಅನ್ನೋದು ಕಲ್ಲಿನ ಭಾರ. ಮೇಲೆ ಪಲ್ಪರ್ ಮನೇಲಿ ಆ ಅಪ್ಪಯ್ಯ ಪಟ್ಟಂತ ಮೋಟಾರ್ ಸ್ವಿಚ್ ತೆಗೆದ್ರೆ ನೀರಿಗೆ ಗೊತ್ತಾಗಲ್ಲ, ಅದು ಚಕ್ರಕ್ಕೆ ಬಡೀತಾನೇ ಇರುತ್ತೆ. ಚಕ್ರ ಹುಚ್ಚು ಓಟ ಓಡುತ್ತೆ, ಕರೆಂಟು ಉಕ್ಕುತ್ತೆ. ಒಲೆ ಮೇಲಿನ ಹಾಲಿನ ಹಂಗೆ."

"ಉಕ್ಕಿದ್ದು ಎಲ್ಲಿಗೆ ಹೋಗುತ್ತೆ?"

"ಎಲ್ಲಿಗೆ ಹೋದಾತು! ಬಂಗ್ಲೆಗೆ. ಎಣ್ಣೂರಿಪ್ಪತ್ತರ ದೀಪಕ್ಕೆ ಮುನ್ನೂರೈವತ್ತು ಕುಡಿಸಿದ್ರೆ ಏನಾಗ್ಬೇಕು?"

"ಇನ್ನೂರಿಪ್ಪತ್ತು, ಅಪ್ಪ."

"ಅದೇ, ಇನ್ನೂರಿಪ್ಪತ್ತು. ನೋಡು, ನನಗಿಂತ ನಿನಗೇ ಚೆನ್ನಾಗಿ ಗೊತ್ತು" ಎಂದು ಅವನು ಮುದ್ದೆ ನುಂಗುತ್ತಿದ್ದ.

ಇದು ಬರೀ ಬಾಯಿಮಾತಲ್ಲ. ಡೈನಮೋ ಹಾಕಿದ ಮೊದಲ ವರ್ಷ ಹಾಗೆಯೇ ಆಗಿತ್ತು. ಪಲ್ಪರ್ ನೋಡಿಕೊಳ್ಳುವ ಅಪ್ಪಯ್ಯ ಕೆಲಸ ಮುಗಿಯಿತೆಂದು ಸದ್ದಿಲ್ಲದೆ ಸ್ವಿಚ್ಚು ತೆಗೆದ. ಬಂಗಲೆಯ ಏಳು ಬಲ್ಬು ಹಗಲಿನಂತೆ ಬೆಳಗಿ ಕರ್ರಗಾದವು, ಧಣಿಗಳ ರೇಡಿಯೋದೊಳಗೆ ಏನೋ ಸಿಡಿದು ಮನೆ ತುಂಬ ಕೊಳೆತ ಮೀನಿನ ವಾಸನೆ ತುಂಬಿತು. ಫ್ಯಾನಿಗೆ ಮಾತ್ರ ಏನೂ ಆಗಲಿಲ್ಲವೆಂದು ಎಲ್ಲರೂ ಸಮಾಧಾನಪಟ್ಟರು. ಎರಡು ತಿಂಗಳು ಸುಮ್ಮನೆ ತಿರುಗಿದ ಫ್ಯಾನು ಒಂದು ದಿನ ಊಟದ ಹೊತ್ತಿನಲ್ಲಿ ಹೊಗೆಯಾಡಿತು. ಜವರಯ್ಯ ಬಿಚ್ಚಿ ನೋಡಿದರೆ ಒಳಗಿನ ತಂತಿಗೆ ಸುತ್ತಿದ ನೂಲೆಲ್ಲ ಎಂದೋ ಬೆಂದು ಹೋಗಿತ್ತು, ಹೊರಗೆ ಬಣ್ಣ ಕೂಡ ಮಾಸಿರಲಿಲ್ಲ.

ಆಮೇಲೆ ಜವರಯ್ಯನೇ ಒಂದು ಪದ್ಧತಿ ಮಾಡಿದ. ಪಲ್ಪರ್ ಮನೆಯಲ್ಲೂ ಡೈನಮೋ ಮನೆಯಲ್ಲೂ ಒಂದೊಂದು ತುಂಡು ರೈಲು ಕಂಬಿ ತೂಗುಹಾಕಿದ. ಮೋಟಾರು ನಿಲ್ಲಿಸುವ ಮೊದಲು ಅಪ್ಪಯ್ಯ ಮೂರು ಏಟು ಹೊಡೆಯಬೇಕು. ಜವರಯ್ಯ ನೀರು ತಗ್ಗಿಸಿ ತಿರುಗಿ ಒಂದು ಏಟು ಹೊಡೆಯಬೇಕು. ಆ ಒಂದು ಏಟು ಕೇಳಿದ ಮೇಲೆಯೇ ಸ್ವಿಚ್ಚಿಗೆ ಕೈ. ಇಷ್ಟಾದರೂ ತಪ್ಪಿದರೆ ಇರಲಿ ಎಂದು ಬಂಗಲೆಗೆ ಹೋಗುವ ತಂತಿಗೆ ಬೇರೆಯೇ ಒಂದು ಹಿಡಿ ಸ್ವಿಚ್ಚನ್ನು ಡೈನಮೋ ಮನೆಯ ಗೋಡೆಗೆ ಹಾಕಿಸಿದ್ದ. "ಏಟಿಲ್ದೆ ಮುಳ್ಳು ಏರಿತೋ, ಮೊದಲು ಇದನ್ನ ಎಳೀಬೇಕು" ಎಂದು ಯಮುನಳಿಗೆ ಹೇಳಿದ್ದ. "ಬಂಗ್ಲೆ ಕತ್ತಲಾಗುತ್ತೆ, ಬೈತಾರೆ, ಬೈಸ್ಕೋಬೇಕು. ವಾಲ್ವು ಆಮೇಲೆ. ವಾಲ್ವು ಹದಿನೆಂಟು ಸುತ್ತು, ಅಷ್ಟರಲ್ಲಿ ಎಲ್ಲಾ ಸುಟ್ಟಿರುತ್ತೆ."

ಹೊಸ ಭತ್ತದ ಹಬ್ಬ ಹುತ್ತರಿಯ ದಿನ ಮಧ್ಯಾಹ್ನ ಸಾಂತಪ್ಪ ಧಣಿಗಳೇ ಡೈನಮೋ ಮನೆಗೆ ಇಳಿದು ಬಂದರು. ವರ್ಷಕ್ಕೊಮ್ಮೆಯೂ ಅಲ್ಲಿಗೆ ಬರುವವರಲ್ಲ.

"ಜವರಯ್ಯ, ಇವತ್ತು ಏಳೂವರೆಗೆ ಕದಿರು ತೆಗೆಯುವುದು. ಮಡಿಕೇರಿಯಿಂದ ಭಾವ ಬಂದಿದ್ದಾರೆ, ನೆಂಟರೆಲ್ಲ ಬಂದಿದ್ದಾರೆ. ಬಂಗ್ಲೆ ದೀಪ ಒಂದು ಚಣ ಮಿಣುಕಬಾರದು, ಗೊತ್ತಾಯ್ತ?"

"ಆ ಹೊತ್ತಿಗೆ ಒಂದರ್ಧ ಗಂಟೆ ಪಲ್ಪರ್ ನಿಲ್ಸಿಬಿಟ್ರೆ ಒಳ್ಳೇದು ಧಣಿ. ಯಾಕೆ ಅಂದ್ರೆ, ಭಾರ ಇದ್ದಾಗ ಏನಾಗುತ್ತೆ ಅಂದ್ರೆ..."

"ನಿಲ್ಲಿಸಿದ್ರೆ ಹಣ್ಣು ಯಾರು ತಿಂತಾರೆ, ನಿನ್ನ ಅಪ್ಪನ? ನಿನ್ನೆಯದ್ದೇ ಅರ್ಧ ಉಳಿದಿದೆ, ನಾಳೆಗೆ ಹುಳಿ ಬರ್ತದೆ. ಪಲ್ಪರ್ ನಡೀಲಿ, ದೀಪಾನೂ ಉರೀಲಿ. ಅದಕ್ಕೇ ಅಲ್ವಾ ನಿನ್ನನ್ನು ಇಟ್ಟುಕೊಂಡಿರೋದು?" ಧಣಿಗಳು ಮೀಟರನ್ನೊಮ್ಮೆ, ಅವನನ್ನೊಮ್ಮೆ ನೋಡಿ ನಕ್ಕರು. "ಹೊಸ ಕದಿರು ಮನೆಗೆ ಬರುವಾಗ ದೀಪ ಆರಿದ್ರೆ, ನೋಡು, ನಾಳೆ ಬೆಳಗ್ಗೆ ಲೈನ್ ಮನೆ ಖಾಲಿ. ಹೆಂಡ್ತಿ ಮಗಳನ್ನು ಕರ್ಕೊಂಡು ನಿನ್ನ ಕುಶಾಲನಗರಕ್ಕೆ ನಡೀತಾ ಇರು."

ಸಾಂತಪ್ಪ ಧಣಿಗಳು ಸಿಟ್ಟಿನಲ್ಲಿ ಹೇಳಿದ್ದನ್ನು ಮರೆಯುತ್ತಿದ್ದರು, ನಗುತ್ತ ಹೇಳಿದ್ದನ್ನು ಮಾಡುತ್ತಿದ್ದರು. ತೋಟದಲ್ಲಿ ಎಲ್ಲರಿಗೂ ಇದು ಗೊತ್ತು.

ಹೋಗುವಾಗ, "ನಿನ್ನ ಹುಡುಗೀನ ಸಂಜೆ ಬಂಗ್ಲೆಗೆ ಕಳಿಸು, ಕೈ ಸಾಲದು. ನಿನ್ನ ಹೆಂಡ್ತಿ ಕಾಳಮ್ಮ ಹೇಗೂ ಅಡುಗೆಮನೆಯಲ್ಲಿ ಇದ್ದಾಳೆ" ಎಂದರು.

ಸಂಜೆ ಬಂಗಲೆ ಝಗಝಗಿಸುತ್ತಿತ್ತು. ಮೆಟ್ಟಿಲ ಮೇಲಿನ ಇನ್ನೂರು ವಾಟಿನ ಬಲ್ಬಿಗಿದ್ದ ಗಾಜಿನ ಬುರುಡೆಯನ್ನು, ಬೆಳಕು ಚೆನ್ನಾಗಿ ಬೀಳಲಿ ಎಂದು ಧಣಿಗಳೇ ನಿಂತು ತೆಗೆಸಿದ್ದರು. ಗಂಡಸರೆಲ್ಲ ಕೋವಿ, ಕುಡುಗೋಲು ಹಿಡಿದು ಬಂಗಲೆಯ ಕೆಳಗಿನ ಗದ್ದೆಗೆ ಹೋದರು. ಕದಿರು ಹೊತ್ತು ಬರುವವರ ಕಾಲಿಗೆ ನೀರು ಹಾಕಲು ಯಮುನ ಚೊಂಬು ಹಿಡಿದು ಮೆಟ್ಟಿಲ ಮೇಲೆ ನಿಂತಳು, ನೇರ ಆ ದೀಪದ ಅಡಿಯಲ್ಲಿ.

ಪಲ್ಪರ್ ಮನೆಯಲ್ಲಿ ಅಪ್ಪಯ್ಯನೂ ಆರು ಆಳುಗಳೂ ಹಣ್ಣಿನಲ್ಲಿ ಮುಳುಗಿದ್ದರು. ಇವರೆಲ್ಲ ಈ ಘಟ್ಟದವರೇ. ಹುತ್ತರಿಯ ಕೋವಿ ಈಡು ಕೇಳಿದ ಗಳಿಗೆಯಲ್ಲಿ ಕೈಯಲ್ಲಿರುವ ಕೆಲಸವನ್ನು ಅಲ್ಲೇ ಬಿಡಬೇಕು, ಹೊಸ ಭತ್ತ ಮನೆಗೆ ಬರುವಾಗ ಬೇರೆ ಬೆಳೆಯ ಮೇಲೆ ಕೈ ಇರಬಾರದು ಎಂದು ಅವರ ಅಜ್ಜಂದಿರು ಹೇಳಿಕೊಟ್ಟದ್ದು. ಬೇರೆ ವರ್ಷ ಆ ಹೊತ್ತಿಗೆ ಪಲ್ಪರ್ ನಡೆಯುತ್ತಲೇ ಇರಲಿಲ್ಲವಾದ್ದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಈ ವರ್ಷ ಏಳೂವರೆಗೆ ಗದ್ದೆಯಲ್ಲಿ ಮೊದಲ ಈಡು ಹಾರಿತು. ಹಿಂದೆಯೇ ಇನ್ನೂ ನಾಲ್ಕು. "ಪೊಲಿ ಪೊಲಿ ದೇವಾ!" ಎಂದು, ಬೆಳೆ ಹೆಚ್ಚಲೆಂದು ಬೇಡುತ್ತ, ಗುಡ್ಡವೆಲ್ಲ ಕೂಗಿತು. ಅಪ್ಪಯ್ಯ ಹಣ್ಣಿನಿಂದ ಕೈ ಕಿತ್ತವನೇ ಸ್ವಿಚ್ಚನ್ನು ಕೆಳಗೆಳೆದು, ಕೂಗುತ್ತ ಹೊರಗೋಡಿದ. ರೈಲು ಕಂಬಿ ಅವನ ಭುಜಕ್ಕೆ ತಗಲಿ ಸುಮ್ಮನೆ ತೂಗಾಡಿತು.

ಕೆಳಗೆ ಜವರಯ್ಯ ಚಕ್ರದ ಸದ್ದು ಬದಲಾದದ್ದನ್ನು ಮುಳ್ಳಿಗಿಂತ ಮೊದಲೇ ಕೇಳಿದ. ಗುಂಯ್ ಎನ್ನುತ್ತಿದ್ದದ್ದು ಕಿರುಚತೊಡಗಿತು. ಮುಳ್ಳು ಕೆಂಪು ಗೆರೆ ದಾಟಿ ಇನ್ನೂರೈವತ್ತಕ್ಕೆ ಬಂತು. ಹಿಡಿ ಸ್ವಿಚ್ಚು ಬಲಗೈಯ ಪಕ್ಕದಲ್ಲೇ ಇತ್ತು. ಅವನ ಕೈ ಅದರ ಮೇಲೆ ಹೋಗಿ ಕೂತಿತು ಕೂಡ.

ಆದರೆ ಎಳೆದರೆ ಬಂಗಲೆ ಕತ್ತಲು. ಕದಿರು ಬರುವ ಹೊತ್ತಿಗೆ ಕತ್ತಲು. ನಾಳೆ ಬೆಳಗ್ಗೆ ಲೈನ್ ಮನೆ ಖಾಲಿ.

ಅವನು ಸ್ವಿಚ್ಚು ಬಿಟ್ಟು ವಾಲ್ವಿಗೆ ಹಾರಿದ. ಒಂದು ಸುತ್ತು, ಎರಡು, ಮೂರು. ಐದನೆಯ ಸುತ್ತಿಗೆ ತಲೆಯೆತ್ತಿ ನೋಡಿದರೆ ಮುಳ್ಳು ಮೀಟರಿನ ಕೊನೆಗೆ ಹೋಗಿ ಬಡಿದು ನಿಂತಿತ್ತು. ಕಿಟಕಿಯಾಚೆ, ಗುಡ್ಡದ ಮೇಲೆ, ಬಂಗಲೆ ಬೆಳ್ಳಗೆ ಉರಿಯಿತು, ಆಮೇಲೆ ಇಲ್ಲವಾಯಿತು.

ಏದುಸಿರು ಬಿಡುತ್ತ ಅವನು ಮೇಲೆ ಬರುವ ಹೊತ್ತಿಗೆ ಅಂಗಳದಲ್ಲಿ ನಾಲ್ಕು ಲಾಟೀನು ಹಚ್ಚಿದ್ದರು. ಕದಿರಿನ ಕಟ್ಟು ಹೊತ್ತವರು ಹೊಸ್ತಿಲು ದಾಟಲಾರದೆ ಹಿಂದಕ್ಕೂ ಹೋಗಲಾರದೆ ಅಲ್ಲೇ ನಿಂತಿದ್ದರು. ಧಣಿಗಳ ತಾಯಿ ಪೂವಮ್ಮ ಜಗಲಿಯ ಕಂಬಕ್ಕೆ ಒರಗಿ ಕೂತು ಎದೆ ಹಿಡಿದುಕೊಂಡಿದ್ದರು. ಮೆಟ್ಟಿಲ ಕೆಳಗೆ ಕಾಳಮ್ಮನ ತೊಡೆಯ ಮೇಲೆ ಯಮುನ ಮಲಗಿದ್ದಳು. ಬಲಗಣ್ಣಿನ ಮೇಲಿಟ್ಟ ಸೆರಗು ನೆಂದು ಕಪ್ಪಾಗಿತ್ತು.

"ಬಲ್ಬು ಸಿಡೀತು" ಎಂದಳು ಕಾಳಮ್ಮ. "ಗಾಜು ಒಳಗೇ ಐತೆ. ಮುಟ್ಟೋಕೆ ಬಿಡ್ತಿಲ್ಲ."

ಜವರಯ್ಯ ಧಣಿಗಳ ಕಡೆ ತಿರುಗಿದ. "ಧಣಿ, ಜೀಪು..." ಎಂದ. "ಮಡಿಕೇರಿ ಆಸ್ಪತ್ರೆಗೆ. ಈಗ್ಲೇ."

ಜೀಪು ಅಂಗಳದ ಮೂಲೆಯಲ್ಲಿತ್ತು. ಡ್ರೈವರ್ ಪೂವಯ್ಯ ಅದಕ್ಕೊರಗಿಯೇ ನಿಂತಿದ್ದ. ಧಣಿಗಳು ಹೂಂ ಎನ್ನುವುದರಲ್ಲಿದ್ದರು. ಅಷ್ಟರಲ್ಲಿ ಕಂಬದ ಕಡೆಯಿಂದ ಮುದುಕಿಯ ದನಿ ಬಂತು.

"ಹೊಸ ಕದಿರ್ ಬರುವ ಹೊತ್ತಿಲಿ ಕತ್ತಲೆ ಆತಲ್ಲೊ ಮಗಾ. ನೆತ್ತರ್ ಬೇರೆ ಬಿತ್. ಈ ಮನೆಗೆ ಎಂತೋ ದೋಷ ಉಟ್ಟು. ನಾ ಈ ವರ್ಷ ದಾಟುವಳಲ್ಲ."

"ಎಂತದೂ ಇಲ್ಲೆ ಅವ್ವ. ದೀಪ ಹೋತ್, ಅಷ್ಟೆ."

"ತಾನೇ ಹೋತೋ, ಯಾರಾರೂ ಮಾಡ್ದೋ? ತಾನೇ ಹೋದರೆ ಅದ್ ದೇವ್ರ ಗುರ್ತು."

ಸಾಂತಪ್ಪನವರು ತಿರುಗಿ ಜವರಯ್ಯನನ್ನು ನೋಡಿದರು. ತಾಯಿಯ ಮಾತಿನಲ್ಲಿದ್ದ ದಾರಿ ಅವರಿಗೆ ಕಂಡಿತು. ಮನುಷ್ಯ ಮಾಡಿದ್ದಾದರೆ ಅಪಶಕುನವಿಲ್ಲ. ಮನೆ ಉಳಿಯಿತು.

"ಹೇಳು. ಇದು ತಾನಾಗಿ ಆದದ್ದ, ನೀನು ಮಾಡಿದ್ದ?"

ಬೇರೆ ಯಾರಾದರೂ ಆಗಿದ್ದರೆ ಕಾಲಿಗೆ ಬೀಳುತ್ತಿದ್ದರು. ಜವರಯ್ಯನಿಗೆ ಯಾರೋ ಕರೆಂಟಿನ ಬಗ್ಗೆ ಪ್ರಶ್ನೆ ಕೇಳಿದ್ದರು. "ತಾನಾಗೂ ಅಲ್ಲ, ಮಾಡಿದ್ದೂ ಅಲ್ಲ ಧಣಿ. ಕರೆಂಟು ಉಕ್ಕಿದ್ದು. ನೋಡಿ, ಮೋಟಾರು ಅನ್ನೋದು ಗಾಡಿ ಮೇಲಿನ ಕಲ್ಲಿದ್ದ ಹಂಗೆ. ಎರಡು ಎತ್ತು ಎಳೀತಾ ಇರ್ತವೆ..."

"ಈಗ ಎತ್ತು ಎಲ್ಲಿಂದ ಬಂತು?" ಎಂದರು ಭಾವ ಪೊನ್ನಪ್ಪನವರು. ಅವರು ಮಡಿಕೇರಿಯಲ್ಲಿ ಕೊಡಗು ರಾಜ್ಯದ ಸೆಕ್ರೆಟೇರಿಯಟ್ಟಿನಲ್ಲಿ ಹೆಡ್ ಗುಮಾಸ್ತರು, ವಿಚಾರಣೆಯೆಂದರೆ ಏನೆಂದು ಬಲ್ಲವರು. ನೆಂಟರಲ್ಲಿ ಕೆಲವರು ನಕ್ಕರು.

"ಇರಿ ಬುದ್ಧಿ, ಹೇಳ್ತೀನಿ. ಈಡು ಹಾರಿದ ಕೂಡ್ಲೆ ಅಪ್ಪಯ್ಯ ಮೂರು ಏಟು ಹೊಡೀದೇ ಸ್ವಿಚ್ ತೆಗ್ದ. ಭಾರ ಹೋಯ್ತು. ನೀರು ಹಂಗೇ ಇತ್ತು..."

"ಅಪ್ಪಯ್ಯ!" ಎಂದು ಧಣಿಗಳು ಕೂಗಿದರು.

ಅಪ್ಪಯ್ಯ ಗುಂಪಿನ ಹಿಂದಿನಿಂದ ಬಂದ. ಕೈ ಇನ್ನೂ ಹಣ್ಣಿನ ಲೋಳೆಯಲ್ಲಿ ಹೊಳೆಯುತ್ತಿತ್ತು. ಅವನಿಗೂ ಲೈನಿನಲ್ಲಿ ಮನೆಯಿತ್ತು, ಆ ಮನೆಯಲ್ಲಿ ಐದು ಮಕ್ಕಳಿದ್ದರು. ಮೆಟ್ಟಿಲ ಕಡೆ ನೋಡದೆ ಹೇಳಿದ, "ಹೊಡ್ದೆ ಧಣಿ. ಮೂರು ಹೊಡ್ದೆ. ಕೋವಿ ಶಬ್ದಕ್ಕೆ ಇವಂಗೆ ಕೇಳಿರ್ಲಿಕ್ಕಿಲ್ಲ."

"ಅಪ್ಪಯ್ಯ, ಸುಳ್ಳು ಹೇಳ್ಬೇಡ ಕಣಪ್ಪ. ಹೊಡೆದ್ರೂ ನಾನು ತಿರುಗಿ ಒಂದು ಹೊಡೀಬೇಕಲ್ವಾ? ನಾನು ಹೊಡ್ದೆನಾ? ಅದೇ ಅಲ್ವಾ ಪದ್ಧತಿ? ಯಾಕೆ ಅಂದ್ರೆ ಬುದ್ಧಿ, ಆ ಒಂದು ಏಟಿನ ಅರ್ಥ..."

ಪೊನ್ನಪ್ಪನವರು ಬೆರಳೆತ್ತಿದರು. "ನೀನು ಹೇಳೋದು ನನಗೆ ಅರ್ಥ ಆಯ್ತು. ಒಂದೇ ಮಾತು ಕೇಳ್ತೇನೆ. ಈ ಉಕ್ಕೋದು ಹೇಗೆ ಅಂತ ಈ ತೋಟದಲ್ಲಿ ಯಾರ್ಯಾರಿಗೆ ಗೊತ್ತು?"

"ನನಗೊಬ್ಬನಿಗೇ ಬುದ್ಧಿ" ಎಂದ ಜವರಯ್ಯ. ಆ ಗಳಿಗೆಯಲ್ಲೂ ಅವನ ದನಿಯಲ್ಲಿ ಒಂದು ಹೆಮ್ಮೆ ಇಣುಕಿತು.

"ನೀನು ಬೇಕು ಅಂದ್ರೆ ಉಕ್ಕಿಸಬಹುದ?"

"ಬೇಕು ಅಂದ್ರೆ... ಉಕ್ಕಿಸಬಹುದು. ವಾಲ್ವು ಪೂರಾ ಬಿಟ್ರೆ ಆಯ್ತು. ಆದ್ರೆ ಯಾರು..."

"ಬೇಕು ಅಂದ್ರೆ ತಗ್ಗಿಸಬಹುದ?"

"ತಗ್ಗಿಸೋದೇ ನನ್ನ ಕೆಲಸ ಬುದ್ಧಿ."

"ಆಯ್ತಲ್ಲ" ಎಂದರು ಪೊನ್ನಪ್ಪನವರು, ಅಂಗಳದ ಕಡೆ ತಿರುಗಿ. "ಉಕ್ಕಿಸೋದು ಇವನಿಗೊಬ್ಬನಿಗೇ ಗೊತ್ತು. ತಗ್ಗಿಸೋದು ಇವನ ಕೆಲಸ. ತಗ್ಗಿಸಲಿಲ್ಲ. ಇನ್ನು ಮಾಡಿದ್ದು ಯಾರು, ನಮ್ಮ ಅತ್ತೆಯ?"

ಈ ಸಲ ನಗು ಜೋರಾಗಿತ್ತು. ಜವರಯ್ಯ ಇನ್ನೂ ಕೈಯಾಡಿಸುತ್ತ ಮಾತಾಡುತ್ತಲೇ ಇದ್ದ. ನೀರು, ಚಕ್ರ, ಇನ್ನೂರಿಪ್ಪತ್ತು, ಮುನ್ನೂರೈವತ್ತು. ಸರಿಯಾಗಿ ಹೇಳಿದರೆ ಯಾರಿಗಾದರೂ ಅರ್ಥವಾಗುತ್ತದೆ ಎಂದು ಅವನು ನಂಬಿದ್ದ. ಜನ್ಮವಿಡೀ ನಂಬಿದ್ದ. ನಂಬದೆ ಇರುವುದನ್ನು ಇದೊಂದೇ ರಾತ್ರಿ ಕಲಿಯುವುದು ಹೇಗೆ? "ನನ್ನ ಮಗಳೇ ಅಲ್ಲಿ ನಿಂತಿದ್ಲು ಬುದ್ಧಿ. ನಾನು ಮಾಡ್ತೀನಾ?" ಎಂದ ಕೊನೆಗೆ.

"ಅವಳು ಅಲ್ಲಿ ನಿಂತಿದ್ದು ನಿನಗೆ ಕೆಳಗಿಂದ ಕಾಣ್ತಿತ್ತ?"

ಕಾಣುತ್ತಿರಲಿಲ್ಲ.

ಸಾಂತಪ್ಪನವರು ಹತ್ತಿರ ಬಂದು ದನಿ ತಗ್ಗಿಸಿದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. "ನೋಡು ಮಾರಾಯ. ಜೀಪಿದೆ, ಪೆಟ್ರೋಲಿದೆ, ಪೂವಯ್ಯ ಇದ್ದಾನೆ. ಅವ್ವನ ಎದುರು ಒಂದು ಮಾತು ಹೇಳು, ಮಾಡಿದ್ದು ನಾನು ಅಂತ. ಹುಡುಗಿ ಈಗಲೇ ಹೊರಡ್ತಾಳೆ. ನನಗೂ ಮಗಳಿದ್ದಾಳೆ, ನನಗೆ ಗೊತ್ತಾಗೋದಿಲ್ವ?"

"ಮಾಡದೇ ಇರೋದನ್ನ ಹೆಂಗೆ ಧಣಿ..."

"ಸಾಕು ಮಾಡು!" ಕಾಳಮ್ಮ ಮೆಟ್ಟಿಲ ಕೆಳಗಿನಿಂದ ಕಿರುಚಿದಳು. "ಎತ್ತಂತೆ, ಗಾಡಿಯಂತೆ! ಕೂಸಿನ ಕಣ್ಣು ಕೈಯಲ್ಲಿ ಹಿಡ್ಕೊಂಡು ಕೂತಿದ್ದೀನಿ ನಾನು. ಹೌದು ಅನ್ನೋಕೆ ನಿನಗೇನು ಬಾಯಿ ಸವೀತದಾ? ಮಾಡ್ದೆ ಅನ್ನು. ಕೊಲೆ ಮಾಡ್ದೆ ಅನ್ನು ಅಂದ್ರೂ ಅನ್ನು. ಮೊದಲು ಗಾಡಿ ಹೊರಡಲಿ!"

ಜವರಯ್ಯ ಪೂವಮ್ಮನ ಎದುರು ಹೋಗಿ ನಿಂತ. "ನಾನೇ ಮಾಡ್ದೆ ತಾಯಿ" ಎಂದ.

ಮುದುಕಿ ಎದೆಯಿಂದ ಕೈ ತೆಗೆದರು.

ಅಲ್ಲಿಗೆ ಮುಗಿಯಬೇಕಿತ್ತು. ಪೊನ್ನಪ್ಪನವರು ಬಿಡಲಿಲ್ಲ. ಬಾಯಿಮಾತು ನಾಳೆ ಇಲ್ಲ ಎನ್ನಬಹುದು, ಕಾಗದದಲ್ಲಿ ಆಗಬೇಕು. ಕಾಗದ ತಂದರು, ಲಾಟೀನು ಹತ್ತಿರ ಹಿಡಿದರು, ಪೆನ್ನಿನ ಶಾಯಿ ಒಣಗಿತ್ತು, ಮತ್ತೊಂದು ಪೆನ್ನು ಹುಡುಕಿದರು. ತಾರೀಕು, ಊರು, ತಂದೆಯ ಹೆಸರು ಬರೆದಾದ ಮೇಲೆ ತಲೆಯೆತ್ತಿದರು.

"ಕಾರಣ ಏನು?"

"ಏನ್ ಕಾರಣ ಬುದ್ಧಿ?"

"ಯಾಕೆ ಮಾಡ್ದೆ? ಕಾರಣ ಇಲ್ಲದ ತಪ್ಪೊಪ್ಪಿಗೆ ನಿಲ್ಲೋದಿಲ್ಲ."

ಜವರಯ್ಯ ಮಗಳ ಕಡೆ ನೋಡಿದ. ಅವಳು ನರಳುವುದನ್ನೂ ನಿಲ್ಲಿಸಿದ್ದಳು. ಬಾಯಿಗೆ ಬಂದದ್ದನ್ನು ಹೇಳಿದ. "ಹಬ್ಬದೂಟಕ್ಕೆ ನನ್ನ ಕರೀಲಿಲ್ಲ ಅಂತ. ಹೊಟ್ಟೆಕಿಚ್ಚಿಗೆ."

"ಕರೀಲಿಲ್ಲ?" ಸಾಂತಪ್ಪನವರಿಗೆ ನಿಜವಾಗಿಯೂ ನೋವಾಯಿತು. "ನಿನಗೆ ಎಲೆ ಹಾಕಿಸಿದ್ದೆ ಕಣೋ. ಕೇಳು ಬೇಕಾದ್ರೆ ಕಾಳಮ್ಮನನ್ನ. ಎಂತಾ ಮನುಷ್ಯ ನೀನು!"

"ಹೌದು ಧಣಿ. ತಪ್ಪಾಯ್ತು."

ಲಾಟೀನಿನ ಮಸಿಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡರು. ಮೊದಲ ಗುರುತು ಮಸುಕಾಯಿತೆಂದು ಎರಡನೆಯದನ್ನೂ ಒತ್ತಿಸಿದರು. ಪೂವಯ್ಯ ಜೀಪು ಹೊರಡಿಸಿದಾಗ ಪೂವಮ್ಮ ತಾವೇ ಎದ್ದು ಬಂದು, "ಪಾಪ, ಮಗು ಉಪಾಸ" ಎಂದು ಎಲ್ಲಿಯೋ ಕಟ್ಟಿಟ್ಟಿದ್ದ ತಂಬಿಟ್ಟನ್ನು ಕಾಳಮ್ಮನ ಮಡಿಲಿಗೆ ಹಾಕಿದರು. ಜೀಪು ಮೊದಲ ತಿರುವು ಕಳೆಯುವಷ್ಟರಲ್ಲಿ ಹಿಂದಿನಿಂದ ಮತ್ತೆ ಕೋವಿ ಹಾರಿತು. ಕದಿರು ಒಳಗೆ ಹೋಗಿತ್ತು.

ಆಸ್ಪತ್ರೆಯ ಡಾಕ್ಟರು ಗಾಜು ತೆಗೆಯುವ ಮೊದಲು, ಯಾವಾಗ ಆದದ್ದು ಎಂದು ಕೇಳಿದರು. ಏಳೂವರೆಗೆ ಎಂದಳು ಕಾಳಮ್ಮ. ಅವರು ಗೋಡೆಯ ಗಡಿಯಾರ ನೋಡಿದರು. ಹನ್ನೊಂದು ಹೊಡೆಯುವುದರಲ್ಲಿತ್ತು.

"ಸಂಪಾಜೆಯಿಂದ ಇಷ್ಟು ಹೊತ್ತು ಬೇಕಾ?"

"ಜೀಪು ಸಿಗೋದು ತಡ ಆಯ್ತು" ಎಂದ ಜವರಯ್ಯ.

ಬೆಳಗ್ಗೆ ಬಲಗಣ್ಣು ತೆಗೆದರು. ಬೇಗ ಬಂದಿದ್ದರೆ ಉಳಿಯುತ್ತಿತ್ತೇ ಎಂದು ಜವರಯ್ಯ ಕೇಳಿದ. ಡಾಕ್ಟರು ಕೈ ತೊಳೆಯುತ್ತ, "ಉಳೀತಿತ್ತು ಅಂತ ಹೇಳಲಾರೆ. ಉಳೀತಿರಲಿಲ್ಲ ಅಂತಲೂ ಹೇಳಲಾರೆ" ಎಂದರು. ಅವನು ಆ ಮಾತನ್ನು ಹಿಡಿದು ಕೂತ. ಎತ್ತು, ಗಾಡಿ ಎಂದು ಅಂಗಳದಲ್ಲಿ ಎಷ್ಟು ಹೊತ್ತು ಮಾತಾಡಿದ್ದೆನೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಪ್ರತಿ ಸಲವೂ ಅದು ಒಂದಿಷ್ಟು ಹೆಚ್ಚಾಗಿಯೇ ಬರುತ್ತಿತ್ತು.

ನಾಲ್ಕನೆಯ ದಿನ ಸಾಂತಪ್ಪ ಧಣಿಗಳು ಒಂದು ಬುಟ್ಟಿ ಕಿತ್ತಳೆ ಹಿಡಿದು ವಾರ್ಡಿಗೆ ಬಂದರು. ಯಮುನಳ ತಲೆ ಸವರಿದರು. ಕಾಳಮ್ಮನ ಕೈಗೆ ಬುಟ್ಟಿ ಕೊಟ್ಟರು. ಆಮೇಲೆ ಮಂಚದ ಕಾಲಿನ ಕಡೆ ನಿಂತು ಗಂಟಲು ಸರಿಮಾಡಿಕೊಂಡರು.

"ನಡಿ ಜವರಯ್ಯ, ತೋಟಕ್ಕೆ ಹೋಗುವ. ಅಪ್ಪಯ್ಯನ ಕೈಲಿ ಡೈನಮೋ ನಡೆಸಿ ನೋಡಿದೆ. ಎರಡು ದಿನದಲ್ಲಿ ಇದ್ದಬದ್ದ ಬಲ್ಬೆಲ್ಲ ಹೋಯ್ತು. ನಿನ್ನೆಯಿಂದ ಅವನು ಆ ಮನೆಯೊಳಗೆ ಕಾಲಿಡೋದಿಲ್ಲ ಅಂತಾನೆ. ಹಣ್ಣು ರಾಶಿ ಬಿದ್ದಿದೆ, ಹುಳಿ ವಾಸನೆ ಬಂಗ್ಲೆವರೆಗೆ ಬರ್ತಿದೆ."

"ನಾನು ಬೇಕಂತ ಮಾಡ್ದವನಲ್ವಾ ಧಣಿ" ಎಂದ ಜವರಯ್ಯ.

"ಅದನ್ನು ನಾನು ಕ್ಷಮಿಸಿದ್ದೇನೆ."

"ಹಂಗಾದ್ರೆ ಅದು ನಾನು ಮಾಡಿದ್ದಲ್ಲ ಅಂತ ಜನದ ಮುಂದೆ ಒಂದು ಮಾತು ಹೇಳಿ. ಆ ಕಾಗದ ಹರಿದಾಕಿ."

"ಅದಾಗೋದಿಲ್ಲ ಮಾರಾಯ." ಸಾಂತಪ್ಪನವರು ಅಳುವ ಮಗುವನ್ನು ಸಮಾಧಾನ ಮಾಡುವವರ ಹಾಗೆ ಹೇಳಿದರು. "ಕಾಗದ ಅವ್ವನ ದಿಂಬಿನ ಅಡಿಯಲ್ಲಿದೆ. ಆ ದಿನದಿಂದ ಚೆನ್ನಾಗಿ ನಿದ್ದೆ ಮಾಡ್ತಿದ್ದಾರೆ. ನೀನೇ ಮಾಡಿದ್ದು ಅಂತ ಇರಲಿ, ನಾನು ಕ್ಷಮಿಸಿದೆ ಅಂತ ಇರಲಿ. ಯಾರಿಗೇನು ನಷ್ಟ? ಲೈನ್ ಮನೆ ನಿಂದೇ. ಹುಡುಗೀನೂ ಬಂದ ಮೇಲೆ ಬಂಗ್ಲೆ ಕೆಲಸಕ್ಕೆ ಬರಲಿ, ಒಂದು ಕಣ್ಣಿದ್ದರೆ ಸಾಕು ಅದಕ್ಕೆ." ಹೊರಗೆ ಜೀಪಿನಲ್ಲಿ ಕಾಯುತ್ತೇನೆಂದು ಹೇಳಿ ಹೋದರು.

ಕಾಳಮ್ಮ ಕಿತ್ತಳೆ ಬುಟ್ಟಿಯನ್ನು ಮಂಚದ ಅಡಿಗೆ ತಳ್ಳಿ, ನೀರು ತರಲು ಎದ್ದು ಹೋದಳು. ಯಮುನ ಅಷ್ಟು ಹೊತ್ತೂ ಸೂರು ನೋಡುತ್ತ ಮಲಗಿದ್ದಳು.

"ಅಪ್ಪಾ, ಅಪ್ಪಯ್ಯಣ್ಣ ಏಟು ಹೊಡೀಲಿಲ್ಲ."

ಜವರಯ್ಯನ ಮುಖ ನಾಲ್ಕು ದಿನದಲ್ಲಿ ಮೊದಲ ಸಲ ಅರಳಿತು. "ಇಲ್ಲ ಕಣವ್ವ! ಹೊಡೀಲಿಲ್ಲ. ನಿನಗಾದ್ರೂ ಗೊತ್ತಲ್ಲ."

"ಕೋವಿ ಸದ್ದಿಗೂ ಕಂಬಿ ಸದ್ದಿಗೂ ಯತ್ವಾಸ ತಿಳಿಯಲ್ವಾ? ನಾನು ಕಿವಿ ಕೊಟ್ಟೇ ನಿಂತಿದ್ದೆ. ಏಟು ಕೇಳಿಸಲಿಲ್ಲ, ದೀಪ ಬೆಳ್ಳಗಾಗೋಕೆ ಶುರುವಾಯ್ತು. ಆಗ್ಲೇ ಗೊತ್ತಾಯ್ತು ನಂಗೆ, ಉಕ್ತಾ ಐತೆ ಅಂತ."

"ಹ್ಞಾಂ, ಅದೇ, ಭಾರ ಹೋಯ್ತಲ್ಲ, ಆಗ..."

"ಅಪ್ಪ ಈಗ ಹಿಡಿ ಸ್ವಿಚ್ಚು ಎಳೀತಾನೆ ಅನ್ಕೊಂಡೆ. ಈಗ ಆರುತ್ತೆ, ಈಗ ಆರುತ್ತೆ ಅಂತ ಮೇಲೆ ನೋಡ್ಕೊಂಡು ನಿಂತೆ."

ವಾರ್ಡಿನ ಆ ತುದಿಯಲ್ಲಿ ಯಾರೋ ಕೆಮ್ಮಿದರು. ಹೊರಗೆ ಪೂವಯ್ಯ ಜೀಪಿನ ಹಾರನ್ನು ಒಮ್ಮೆ ಮೆಲ್ಲಗೆ ಒತ್ತಿದ.

"ಯಾಕಪ್ಪಾ ಎಳೀಲಿಲ್ಲ?"

ಬೀಡಿಗೆ ಬೆಂಕಿ ಕೇಳಲು ಬಂದವರಿಗೂ ಅರ್ಧ ಗಂಟೆ ಹೇಳುತ್ತಿದ್ದವನು ಎರಡೇ ಮಾತು ಹೇಳಿದ. "ದೀಪ ಆರಬಾರ್ದು ಅಂದಿದ್ರು ಧಣಿ" ಎಂದ. "ಲೈನ್ ಮನೆ ಖಾಲಿ ಮಾಡಿಸ್ತೀನಿ ಅಂದಿದ್ರು."

ಯಮುನ ಮುಖವನ್ನು ಆ ಕಡೆ ತಿರುಗಿಸಿದಳು. ಮತ್ತೆ ಹಾರನ್ನು ಕೇಳಿಸಿತು, ಈ ಸಲ ಉದ್ದಕ್ಕೆ.

"ಹೋಗು" ಎಂದಳು, ಕಟ್ಟಿಲ್ಲದ ಕಣ್ಣನ್ನೂ ಮುಚ್ಚಿಕೊಂಡು. "ಹಣ್ಣು ಕೊಳೆಯುತ್ತೆ."